ಅಪೆಂಡಿಕ್ಸ್ ತೆಗೆಸಿದ್ರಾ? ಬಯಾಪ್ಸಿ ರಿಪೋರ್ಟ್ ಇಸ್ಕೊಂಡ್ರಾ?

ಇವತ್ತಿನ ಎಪಿಸೋಡ್ ಹುಟ್ಟಿದ್ದು ನನ್ನ ಚಿಕ್ಕಮ್ಮನ ಮಗನ ವಾಟ್ಸಾಪ್ ಮೆಸೇಜಿನಿಂದ. ಅವನಿಗೆ ಅಪೆಂಡಿಕ್ಸ್ ಆಪರೇಷನ್ ಆಗಿ ಮೂರು ವಾರ ಆಗಿತ್ತು. ಹೊಲಿಗೆ ಬಿಚ್ಚಿಸೋಕೆ ಹೋದಾಗ್ಲೂ ಆಸ್ಪತ್ರೆಯಲ್ಲಿ ಯಾರೂ ಬಯಾಪ್ಸಿ ರಿಪೋರ್ಟಿನ ಸುದ್ದಿ ಎತ್ತಿರಲಿಲ್ಲ. ಇನ್ಶೂರೆನ್ಸ್ ಕ್ಲೇಮಿಗೆ ಪೇಪರ್ಸ್ ಕೇಳಿದಾಗ ಕೈಗೆ ಬಂತು. "ಅಣ್ಣಾ, ಟ್ಯೂಮರ್ ಅಂತ ಬರ್ದಿದೆ. ಅಮ್ಮಂಗೆ ಹೇಳ್ಬೇಡ." ಅವನಿಗೆ ಬರೀ 23 ವರ್ಷ.

ನಾನು ಓದಿದ್ದು ಬಿ.ಕಾಂ. ಬ್ಯಾಲೆನ್ಸ್ ಶೀಟ್ ಅರ್ಥ ಆಗುತ್ತೆ, ಇದು ಆಗಲಿಲ್ಲ. ಇಬ್ಬರೂ ಕ್ಯಾನ್ಸರ್ ಸರ್ಜನ್ ಹತ್ರ ಹೋದ್ವಿ. ಅವರು ಮೊದಲು ನೋಡಿದ್ದು ಗಡ್ಡೆಯ ಹೆಸರು: ನ್ಯೂರೋಎಂಡೋಕ್ರೈನ್ ಟ್ಯೂಮರ್, ಹಳೇ ಹೆಸರು ಕಾರ್ಸಿನಾಯ್ಡ್. ಅಪೆಂಡಿಕ್ಸ್‌ನಲ್ಲಿ ಇದು ಹೆಚ್ಚಾಗಿ ಹೀಗೇ, ಹೊಟ್ಟೆನೋವಿಗೆ ಆಪರೇಷನ್ ಆದ ಮೇಲೆ ಲ್ಯಾಬಿನಲ್ಲಿ ಪತ್ತೆಯಾಗುತ್ತಂತೆ. ಆಮೇಲೆ ಅಳತೆ ನೋಡಿದ್ರು: 7 ಮಿ.ಮೀ. ಗ್ರೇಡ್ 1. ಕತ್ತರಿಸಿದ ಅಂಚಿನಲ್ಲಿ ಏನೂ ಉಳಿದಿಲ್ಲ. "ನಿಂಗೆ ಆದ ಆಪರೇಷನ್ನೇ ಟ್ರೀಟ್‌ಮೆಂಟ್ ಕಣಪ್ಪ, ಮುಗೀತು" ಅಂದ್ರು.

ಇವನಿಗೆ ಸಮಾಧಾನ ಇಲ್ಲ. ವರ್ಷಕ್ಕೊಂದು ಸ್ಕ್ಯಾನ್ ಬೇಡ್ವಾ ಸರ್? ಬೇಡ. ಯುರೋಪಿನ ತಜ್ಞರ ಸಂಘ ಎನೆಟ್ಸ್‌ನ ಮಾರ್ಗಸೂಚಿಯೂ ಅದನ್ನೇ ಹೇಳುತ್ತೆ: 1 ಸೆಂ.ಮೀ.ಗಿಂತ ಚಿಕ್ಕದಾಗಿದ್ದು ಪೂರ್ತಿ ತೆಗೆದಿದ್ರೆ ಫಾಲೋಅಪ್ ಬೇಕಿಲ್ಲ. ಧೈರ್ಯಕ್ಕೆ ಅಂತ ಕ್ರೋಮೋಗ್ರಾನಿನ್ ಎ ರಕ್ತಪರೀಕ್ಷೆ ಮಾಡಿಸೋರಿದ್ದಾರೆ. ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ನುಂಗ್ತಿದ್ರೆ ಗಡ್ಡೆ ಇಲ್ಲದಿದ್ರೂ ಅದು ಜಾಸ್ತಿ ತೋರಿಸುತ್ತೆ. ದುಡ್ಡೂ ಹೋಯ್ತು, ನಿದ್ದೆನೂ ಹೋಯ್ತು.

2 ಸೆಂ.ಮೀ. ದಾಟಿದ್ರೆ ಕಥೆ ಬೇರೆ. ಸಾಮಾನ್ಯವಾಗಿ ದೊಡ್ಡ ಕರುಳಿನ ಬಲಭಾಗ ತೆಗೆಯೋ ಇನ್ನೊಂದು ಆಪರೇಷನ್, ಆಮೇಲೆ ವರ್ಷಗಟ್ಟಲೆ ತಪಾಸಣೆ. ಚರ್ಚೆ ಇರೋದು 1ರಿಂದ 2 ಸೆಂ.ಮೀ. ನಡುವಿನವರ ಬಗ್ಗೆ. ಗಡ್ಡೆ ಪಕ್ಕದ ಕೊಬ್ಬಿಗೆ ಎಷ್ಟು ಆಳ ಇಳಿದಿದೆ, ರಕ್ತನಾಳಕ್ಕೆ ಹೊಕ್ಕಿದೆಯಾ, ಅಪೆಂಡಿಕ್ಸ್ ಬುಡದಲ್ಲಿದೆಯಾ ಅಂತೆಲ್ಲ ನೋಡ್ತಾರೆ. 2023ರಲ್ಲಿ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಬಂದ ಯುರೋಪಿನ ಅಧ್ಯಯನದಲ್ಲಿ, ಈ ಅಳತೆಯವರಿಗೆ ಕರುಳು ತೆಗೆದಿದ್ದರಿಂದ ಆಯಸ್ಸೇನೂ ಹೆಚ್ಚಿರಲಿಲ್ಲ.

ಒಂದು ಎಚ್ಚರಿಕೆ. ಈ ಲೆಕ್ಕವೆಲ್ಲ ನ್ಯೂರೋಎಂಡೋಕ್ರೈನ್ ಗಡ್ಡೆಗೆ ಮಾತ್ರ. ರಿಪೋರ್ಟಿನಲ್ಲಿ ಮ್ಯೂಸಿನಸ್ ಅಂತಲೋ ಗಾಬ್ಲೆಟ್ ಸೆಲ್ ಅಂತಲೋ ಇದ್ರೆ ಚಿಕ್ಕದು ಅಂತ ಸುಮ್ಮನೆ ಕೂರಬೇಡಿ, ಅವುಗಳ ಫಾಲೋಅಪ್ಪೇ ಬೇರೆ.

ಚಿಕ್ಕಮ್ಮಂಗೆ ಅವನೇ ಹೇಳಿದ, ಅದೇ ಸಂಜೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಿಪೋರ್ಟ್ ಜೆರಾಕ್ಸ್ ಮಾಡಿಸಿದ್ಯೇನೋ?" ಅಂದ್ರು.