ಲೆಕ್ಕ ಇಟ್ಟ ಅರಿವಳಿಕೆ ವೈದ್ಯ

ಇಂಗ್ಲೆಂಡಿನ ಬ್ರಿಸ್ಟಲ್ ರಾಯಲ್ ಇನ್‌ಫರ್ಮರಿ ಆಸ್ಪತ್ರೆಗೆ 1988ರಲ್ಲಿ ಸ್ಟೀಫನ್ ಬಾಲ್ಸಿನ್ ಎಂಬ ಅರಿವಳಿಕೆ ತಜ್ಞರು ಬಂದರು. ಅದಕ್ಕೆ ಮೊದಲು ಅವರು ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದವರು. ಹಸುಗೂಸುಗಳ ಹೃದಯದ ಆಪರೇಷನ್ನಿಗೆ ಅಲ್ಲಿಗಿಂತ ಇಲ್ಲಿ ಬಹಳ ಹೆಚ್ಚು ಹೊತ್ತು ಹಿಡಿಯುತ್ತಿದ್ದುದು ಅವರ ಗಮನಕ್ಕೆ ಬಂತು. ಹೃದಯ ನಿಲ್ಲಿಸಿ, ರಕ್ತವನ್ನು ಯಂತ್ರದ ಮೂಲಕ ಹರಿಸಿ ಮಾಡುವ ಚಿಕಿತ್ಸೆ ಅದು. ಯಂತ್ರದ ಆಸರೆಯಲ್ಲಿ ಕಳೆಯುವ ಸಮಯ ಬೆಳೆದಷ್ಟೂ ಮಿದುಳಿಗೆ, ಮೂತ್ರಪಿಂಡಕ್ಕೆ ಅಪಾಯ. ಮಗುವಿನ ತಲೆಯ ಬಳಿ ಕೂತು ನಾಡಿ, ಉಸಿರು, ಗಡಿಯಾರ ಮೂರನ್ನೂ ಗಮನಿಸುವ ಅರಿವಳಿಕೆ ವೈದ್ಯರಿಗೆ ಇದು ಬೇಗ ತಿಳಿಯುತ್ತದೆ.

1990ರಲ್ಲಿ ಬಾಲ್ಸಿನ್ ಆಸ್ಪತ್ರೆಯ ಮುಖ್ಯಸ್ಥರಿಗೆ ಪತ್ರ ಬರೆದರು. ಫಲ ಕಾಣಲಿಲ್ಲ. ಆಮೇಲೆ ಸಹೋದ್ಯೋಗಿಯೊಬ್ಬರ ಜೊತೆ ಸೇರಿ, ಯಾವ ಆಪರೇಷನ್ ಎಷ್ಟು ಮಕ್ಕಳಿಗೆ ಆಯಿತು, ಎಷ್ಟು ಮಕ್ಕಳು ಉಳಿದರು ಎಂಬ ಲೆಕ್ಕ ಕಲೆಹಾಕಿದರು. ಹಾಗಿದ್ದೂ ಆಪರೇಷನ್‌ಗಳು 1995ರವರೆಗೆ ನಡೆದೇ ಇದ್ದವು. ಬಾಲ್ಸಿನ್ ಕೊನೆಗೆ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರು.

ಬ್ರಿಸ್ಟಲ್‌ನ ಈ ಆಪರೇಷನ್‌ಗಳ ಬಗ್ಗೆ ಇಯಾನ್ ಕೆನಡಿ ನೇತೃತ್ವದ ತನಿಖಾ ವರದಿ ಹೊರಬಂದದ್ದು 2001ರಲ್ಲಿ. 1991ರಿಂದ 1995ರೊಳಗೆ, ಒಂದು ವರ್ಷ ತುಂಬದ ಮಕ್ಕಳ ಪೈಕಿ ನಿರೀಕ್ಷೆಗಿಂತ 30ರಿಂದ 35 ಸಾವು ಹೆಚ್ಚಾಗಿದ್ದವು ಎಂದು ಅದು ಅಂದಾಜಿಸಿತು. ಆದರೆ ವರದಿ ಇದನ್ನು ಕೆಟ್ಟವರ ಕಥೆಯಾಗಿ ಹೇಳಲಿಲ್ಲ. ವೈದ್ಯರು ಮನಸ್ಸಿಟ್ಟು ದುಡಿಯುವವರೇ. ಹೃದ್ರೋಗ ತಜ್ಞರು ಒಂದು ಕಟ್ಟಡದಲ್ಲಿ, ಶಸ್ತ್ರಚಿಕಿತ್ಸೆ ಇನ್ನೊಂದರಲ್ಲಿ. ಅಧಿಕಾರ ಕೆಲವೇ ಜನರ ಕೈಯಲ್ಲಿ. ಇನ್ನು ಗುಣಮಟ್ಟದ ಮೇಲೆ ಕಣ್ಣಿಡಬೇಕಾದವರು ಯಾರು? ಸರ್ಕಾರದ ಸಮಿತಿ ಶಸ್ತ್ರವೈದ್ಯರ ರಾಯಲ್ ಕಾಲೇಜು ನೋಡುತ್ತಿದೆ ಎಂದುಕೊಂಡಿತ್ತು, ಕಾಲೇಜು ಸಮಿತಿಯೇ ನೋಡುತ್ತಿದೆ ಎಂದುಕೊಂಡಿತ್ತು. ಇಡೀ ವರದಿಯಲ್ಲಿ ನನಗೆ ಭಯ ಹುಟ್ಟಿಸುವ ಸಂಗತಿ ಇದೇ.

ವರದಿ ಹೊರಬರುವ ಮೊದಲೇ ಈ ಖಾಲಿ ಜಾಗವನ್ನು ತುಂಬಲು ಬಂದದ್ದು ಕ್ಲಿನಿಕಲ್ ಗವರ್ನೆನ್ಸ್ ಎಂಬ ವ್ಯವಸ್ಥೆ. ಅಲ್ಲಿಯವರೆಗೆ ಬ್ರಿಟನ್ನಿನ ಆಸ್ಪತ್ರೆ ಮಂಡಳಿಗಳು ಕಾನೂನಿನ ಮುಂದೆ ಉತ್ತರ ಕೊಡಬೇಕಿದ್ದದ್ದು ಮುಖ್ಯವಾಗಿ ಹಣದ ಲೆಕ್ಕಕ್ಕೆ. 1999ರ ಆರೋಗ್ಯ ಕಾಯ್ದೆ ಚಿಕಿತ್ಸೆಯ ಗುಣಮಟ್ಟಕ್ಕೂ ಅವರನ್ನೇ ಹೊಣೆ ಮಾಡಿತು. ಮಾಡಿದ ಚಿಕಿತ್ಸೆಯನ್ನು ಒಪ್ಪಿತ ಮಾನದಂಡದ ಜೊತೆ ಹೋಲಿಸುವುದು, ಪ್ರತಿ ಸಾವನ್ನೂ ಸಭೆಯಲ್ಲಿ ಚರ್ಚಿಸುವುದು, ತಪ್ಪು ಕಂಡ ನರ್ಸ್ ಹೆದರದೆ ವರದಿ ಮಾಡುವುದು, ಇವೆಲ್ಲ ಅದರ ದಿನನಿತ್ಯದ ಕೆಲಸ. ನಮ್ಮಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಎನ್‌ಎಬಿಎಚ್ 2005ರಿಂದ ಇದೆ, ಇಂಥವನ್ನೇ ಕೇಳುತ್ತದೆ. ತಪಾಸಣೆ ತಂಡ ಬರುವ ವಾರ ಮಾತ್ರ ರಿಜಿಸ್ಟರ್ ತುಂಬುವ ಆಸ್ಪತ್ರೆಗೆ ಆ ಪ್ರಮಾಣಪತ್ರ ಗೋಡೆಯ ಅಲಂಕಾರ, ಅಷ್ಟೆ.

ಬ್ರಿಸ್ಟಲ್‌ನಲ್ಲಿ 1995ರಲ್ಲಿ ಹೊಸ ಶಸ್ತ್ರವೈದ್ಯರು ಬಂದರು, ಆಪರೇಷನ್‌ಗಳು ಮಕ್ಕಳ ಆಸ್ಪತ್ರೆಗೇ ಸ್ಥಳಾಂತರವಾದವು. ಒಂದು ವರ್ಷದೊಳಗಿನ ಮಕ್ಕಳ ತೆರೆದ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಶೇ. 29 ಇದ್ದ ಸಾವಿನ ಪ್ರಮಾಣ 1999-2002ರ ಹೊತ್ತಿಗೆ ಶೇ. 3ಕ್ಕೆ ಇಳಿಯಿತು. ದೇಶದ ಇತರ ಕೇಂದ್ರಗಳಲ್ಲೂ ಆ ವರ್ಷಗಳಲ್ಲಿ ಸಾವು ಕಡಿಮೆಯಾಗಿತ್ತು. ಆದರೆ ಇಷ್ಟು ದೊಡ್ಡ ಇಳಿಕೆ ಬ್ರಿಸ್ಟಲ್‌ನದ್ದು.

ಮನೆಯವರಿಗೆ ದೊಡ್ಡ ಆಪರೇಷನ್ ಎಂದಾಗ ಖರ್ಚೆಷ್ಟು ಎಂದು ಎಲ್ಲರೂ ಕೇಳುತ್ತೇವೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಇನ್ನೊಂದು ಮಾತು ಕೇಳಿ: ಈ ಆಪರೇಷನ್ ಇಲ್ಲಿ ವರ್ಷಕ್ಕೆ ಎಷ್ಟು ಆಗುತ್ತದೆ, ಅವರೆಲ್ಲ ಹೇಗಿದ್ದಾರೆ?