ನಲವತ್ತೆಂಟು ಗಂಟೆಯ ಒಗಟು

ಒಗಟು ಹಾಕುವುದೂ ಒಡೆಯುವುದೂ ನಮ್ಮ ಜನರಿಗೆ ಬಹು ಹಳೆಯ ಅಭ್ಯಾಸ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಜಗಲಿಯಲ್ಲಿ ಕುಳಿತು ಒಂದು ಒಗಟು ಹಾಕಿದಳೆಂದರೆ ಮಕ್ಕಳೆಲ್ಲ ತಲೆ ಕೆರೆದುಕೊಳ್ಳುತ್ತಿದ್ದರು. ಕೊನೆಗೆ ಸೋತಾಗ ಉತ್ತರವನ್ನು ಅವಳೇ ಹೇಳುವಳು. ಆಗ ‘ಅಯ್ಯೋ, ಇಷ್ಟೇನೇ!’ ಎಂಬ ಉದ್ಗಾರ ಹೊರಟರೆ ಅದು ಒಳ್ಳೆಯ ಒಗಟು. ‘ಇದನ್ನು ಯಾರು ತಾನೆ ಊಹಿಸಿಯಾರು?’ ಎಂಬ ಮುನಿಸು ಬಂದರೆ ಒಗಟಿನಲ್ಲಿಯೇ ದೋಷವುಂಟೆಂದು ತಿಳಿಯಬೇಕು. ಗಣಕಯಂತ್ರದ ಪರದೆಯ ಮೇಲೆ ಆಡುವ ಒಂದು ಬಗೆಯ ಆಟಕ್ಕೂ ಇದೇ ಒರೆಗಲ್ಲು ಎಂಬುದು ಅರುವತ್ತು ದಾಟಿದ ಮೇಲೆ ನನಗೆ ಗೊತ್ತಾಯಿತು.

ಈ ಆಟದಲ್ಲಿ ಓಟವಿಲ್ಲ, ಗುಂಡಿನ ಸದ್ದಿಲ್ಲ. ಪರದೆಯ ಮೇಲೆ ಒಂದು ಕೋಣೆಯ ಚಿತ್ರ ಮೂಡುತ್ತದೆ. ಆಡುವವನು ಮೌಸ್ ಎಂಬ ಕೈಸಾಧನದಿಂದ ಬಾಣದ ಗುರುತನ್ನು ಬೇಕಾದ ವಸ್ತುವಿನ ಮೇಲೆ ಸರಿಸಿ ಗುಂಡಿ ಒತ್ತುತ್ತಾನೆ. ಬಾಗಿಲು ತೆರೆಯಬಹುದು, ಬೀಗದ ಕೈ ಚೀಲಕ್ಕೆ ಸೇರಬಹುದು, ಮೂಲೆಯಲ್ಲಿ ಕುಳಿತವನು ಮಾತನಾಡಬಹುದು. ಒಂದು ವಸ್ತುವನ್ನು ಇನ್ನೊಂದರ ಮೇಲೆ ಪ್ರಯೋಗಿಸಿ, ತೊಡಕನ್ನು ಬಿಡಿಸಿ, ಕಥೆಯನ್ನು ಮುಂದಕ್ಕೆ ನಡೆಸುವುದೇ ಇಲ್ಲಿಯ ಸಾಹಸ.

ಇದರ ಮೂಲಪುರುಷ ಅಮೆರಿಕದ ವಿಲಿಯಂ ಕ್ರೌದರ್. ಈತ ಗಣಕಯಂತ್ರದ ಕೆಲಸಗಾರ. ಜೊತೆಗೆ ಗುಹೆಗಳಲ್ಲಿ ಇಳಿದು ಅಲೆಯುವ ಹವ್ಯಾಸಿ. ಕೆಂಟಕಿ ಪ್ರಾಂತದ ಮ್ಯಾಮತ್ ಗುಹೆಯ ಒಳದಾರಿಗಳನ್ನು ಆಧರಿಸಿ, ತನ್ನ ಹೆಣ್ಣುಮಕ್ಕಳು ಆಡಿ ನಲಿಯಲೆಂದು, 1970ರ ದಶಕದ ನಡುಭಾಗದಲ್ಲಿ ಒಂದು ಆಟವನ್ನು ಬರೆದನು. 1977ರಲ್ಲಿ ಡಾನ್ ವುಡ್ಸ್ ಎಂಬಾತ ಅದನ್ನು ವಿಸ್ತರಿಸಿದನು. ಅದರಲ್ಲಿ ಚಿತ್ರವೇ ಇರಲಿಲ್ಲ, ಎಲ್ಲವೂ ಮಾತು. 1980ರಲ್ಲಿ ರಾಬರ್ಟಾ ಮತ್ತು ಕೆನ್ ವಿಲಿಯಮ್ಸ್ ದಂಪತಿಗಳು ‘ಮಿಸ್ಟರಿ ಹೌಸ್’ ಎಂಬ ಆಟದಲ್ಲಿ ಗೆರೆಚಿತ್ರಗಳನ್ನು ಸೇರಿಸಿದರು. ಆದರೂ ಆಡುವವನು ತನ್ನ ಆಜ್ಞೆಯನ್ನು ಅಕ್ಷರ ಒತ್ತಿ ಬರೆಯಲೇಬೇಕಾಗಿತ್ತು. ಯಂತ್ರಕ್ಕೆ ಗೊತ್ತಿರುವ ಪದ ಯಾವುದೆಂದು ಊಹಿಸುವುದೇ ದೊಡ್ಡ ಒಗಟಾಗುತ್ತಿತ್ತು. 1987ರಲ್ಲಿ ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನಿಕ್ ರೂಪಿಸಿದ ‘ಮೇನಿಯಾಕ್ ಮ್ಯಾನ್ಶನ್’ ಆಟದಲ್ಲಿ ‘ತೆರೆ’, ‘ತೆಗೆದುಕೋ’ ಮುಂತಾದ ಕ್ರಿಯಾಪದಗಳನ್ನು ಪರದೆಯ ಕೆಳಗಡೆಯೇ ಸಾಲಾಗಿ ಬರೆದಿಟ್ಟರು. ತೋರಿಸಿ ಒತ್ತಿದರೆ ಸಾಕು. ವ್ಯಾಕರಣದ ಮೇಷ್ಟರಾಗಿ ನಲವತ್ತು ವರ್ಷ ದುಡಿದ ನನಗೆ, ಕ್ರಿಯಾಪದಗಳಿಗೆ ಇಂತಹ ಮರ್ಯಾದೆ ಸಂದ ಸಂಗತಿ ಬಹಳ ಮೆಚ್ಚಿಗೆಯಾಯಿತು.

ಇಂತಹ ಆಟವೊಂದನ್ನು ಕಟ್ಟಲು ಸಾಮಾನ್ಯವಾಗಿ ತಿಂಗಳುಗಳೇ ಬೇಕು. ಆದರೆ ಅವಧಿಯನ್ನು ಬೇಕೆಂದೇ ಬಿಗಿಮಾಡಿ ಕಟ್ಟುವ ಪಂದ್ಯಗಳೂ ಹುಟ್ಟಿಕೊಂಡವು. 2002ರಲ್ಲಿ ಆರಂಭವಾದ ‘ಲುಡಮ್ ಡೇರ್’ ಅವುಗಳಲ್ಲಿ ಹೆಸರಾದದ್ದು. ಒಬ್ಬನೇ ಸ್ಪರ್ಧಿ, 48 ಗಂಟೆ. ಚಿತ್ರ, ಸಂಗೀತ, ಮಾತು ಎಲ್ಲವನ್ನೂ ಆ ಅವಧಿಯೊಳಗೇ ಮಾಡಿ ಮುಗಿಸಬೇಕೆಂಬುದು ಅದರ ಮುಖ್ಯ ವಿಭಾಗದ ಕಟ್ಟಳೆಯಾಗಿತ್ತು. ವಿಷಯವನ್ನು ಆರಂಭದ ಕ್ಷಣದಲ್ಲಿ ಮಾತ್ರ ಪ್ರಕಟಿಸುತ್ತಿದ್ದರು. 2013ರ ಆಗಸ್ಟಿನಲ್ಲಿ ಕೊಟ್ಟ ವಿಷಯ ‘ಹತ್ತು ಸೆಕೆಂಡು’. 2014ರ ಡಿಸೆಂಬರಿನಲ್ಲಿ ‘ಇಡೀ ಆಟ ಒಂದೇ ಪರದೆಯಲ್ಲಿ’.

ನನ್ನ ತಂಗಿಯ ಮೊಮ್ಮಗಳು ಎಂಜಿನಿಯರಿಂಗ್ ಓದುತ್ತಿರುವವಳು. ಅವಳೂ ಇಂತಹುದೇ ಪಂದ್ಯವೊಂದಕ್ಕೆ ಹೆಸರು ಕೊಟ್ಟು, ನಮ್ಮ ಮನೆ ಸದ್ದಿಲ್ಲದ ಮನೆಯೆಂದು ಒಂದು ಶನಿವಾರ ಬೆಳಿಗ್ಗೆ ಯಂತ್ರದ ಸಮೇತ ಬಂದಿಳಿದಳು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಗಡುವು. ವಿಷಯ ತಿಳಿದ ಒಂದು ಗಂಟೆಯೊಳಗೆ ಕಥೆ ಸಿದ್ಧವಾಯಿತು: ಮಳೆಗಾಲದ ರಾತ್ರಿ, ಕಾಡಿನಂಚಿನ ಪುಟ್ಟ ರೈಲು ನಿಲ್ದಾಣ, ಮುಂದಿನ ಸೇತುವೆ ಕೊಚ್ಚಿಹೋಗಿದೆ, ನಿಲ್ದಾಣದಲ್ಲಿ ಸಿಕ್ಕಿಕೊಂಡ ಹುಡುಗನೊಬ್ಬ ಬರಲಿರುವ ರೈಲನ್ನು ನಿಲ್ಲಿಸಬೇಕು.

ಏಳು ದೃಶ್ಯಗಳು, ಐವರು ಪಾತ್ರಗಳು, ಇಪ್ಪತ್ತು ವಸ್ತುಗಳು, ಒತ್ತಿ ನೋಡಬಹುದಾದ ನಲವತ್ತು ಜಾಗಗಳು ಎಂದು ಅವಳು ಹಾಳೆಯ ಮೇಲೆ ಬರೆದುಕೊಂಡಳು. ಆಮೇಲೆ ಪೆನ್ನನ್ನು ಕೆಳಗಿಟ್ಟು ಲೆಕ್ಕ ಮಾಡಿದಳು. ಇಪ್ಪತ್ತು ವಸ್ತುಗಳನ್ನು ನಲವತ್ತು ಜಾಗಗಳ ಮೇಲೆ ಪ್ರಯೋಗಿಸಿದರೆ 800 ಬಗೆ. ವಸ್ತುವಿನೊಡನೆ ವಸ್ತುವನ್ನು ಕೂಡಿಸಿದರೆ ಇನ್ನೂ 190. ಒಟ್ಟು 990 ಪ್ರಯತ್ನಗಳಿಗೆ ಆಟವು ಏನಾದರೂ ಉತ್ತರ ಕೊಡಬೇಕು! ದೃಶ್ಯಗಳು ಮೂರಕ್ಕೆ ಇಳಿದುವು: ಪ್ಲಾಟ್‌ಫಾರಂ, ಸ್ಟೇಷನ್ ಮಾಸ್ತರರ ಕೋಣೆ, ಎಣ್ಣೆಯ ಉಗ್ರಾಣ. ಪಾತ್ರಗಳಲ್ಲಿ ಉಳಿದವನು ಬೆಂಚಿನ ಮೇಲೆ ಮಲಗಿದ ಒಬ್ಬ ಕೂಲಿ ಮಾತ್ರ. ಸೇತುವೆಯ ಚಿತ್ರವೂ ಹೋಯಿತು, ರೈಲಿನೊಳಗಣ ಪ್ರಯಾಣಿಕರೂ ಹೋದರು. ಕಾಲವಿದ್ದವನು ಬರೆದದ್ದನ್ನು ತಿದ್ದುತ್ತಾನೆ; ಕಾಲವಿಲ್ಲದವನು ಬರೆಯುವ ಮೊದಲೇ ಹೊಡೆದುಹಾಕಬೇಕಾಗುತ್ತದೆ.

ಒಗಟುಗಳನ್ನು ಅವಳು ಹೆಣೆದದ್ದು ಕೊನೆಯಿಂದ ಮೊದಲಿಗೆ. ರೈಲು ನಿಲ್ಲಬೇಕಾದರೆ ಕೆಂಪು ಬೆಳಕು ಬೇಕು. ಬೆಳಕಿಗೆ ಕೈದೀಪ, ಎಣ್ಣೆ, ಬೆಂಕಿಪೊಟ್ಟಣ ಬೇಕು. ಎಣ್ಣೆ ಉಗ್ರಾಣದಲ್ಲಿದೆ, ಉಗ್ರಾಣಕ್ಕೆ ಬೀಗ; ಬೀಗದ ಕೈ ಮಾಸ್ತರರ ಮೇಜಿನ ಖಾನೆಯಲ್ಲಿ, ಖಾನೆ ಬಿಗಿದುಕೊಂಡಿದೆ; ಮೀಟಿ ತೆಗೆಯಲು ಪ್ಲಾಟ್‌ಫಾರಂ ಮೇಲೊಂದು ಕಬ್ಬಿಣದ ಸಲಾಕೆ. ಬೆಂಕಿಪೊಟ್ಟಣ ಕೂಲಿಯವನ ಜೇಬಿನಲ್ಲಿದೆ. ಅವನನ್ನು ಎಬ್ಬಿಸಿ ಕೇಳಬೇಕು. ಹೀಗೆ ಹೆಣೆದುದನ್ನು ಆಡುವವನು ಮೊದಲಿನಿಂದ ಕೊನೆಗೆ ಬಿಡಿಸುತ್ತಾನೆ. ಗಿಲ್ಬರ್ಟ್ 1989ರಲ್ಲಿ ಬರೆದ ಲೇಖನವೊಂದರಲ್ಲಿ ಈ ಬಗ್ಗೆ ಒಂದು ಸೂಕ್ಷ್ಮವನ್ನು ಹೇಳಿದ್ದಾನೆ: ಸಾಧನವು ಕೈಗೆ ಸಿಗುವ ಮೊದಲೇ ತೊಡಕು ಕಣ್ಣಿಗೆ ಬೀಳಬೇಕು. ಬೀಗವನ್ನು ಕಂಡವನಿಗೆ ಬೀಗದ ಕೈ ಸಿಕ್ಕಿದರೆ ಹಿಗ್ಗು. ಬೀಗವನ್ನೇ ಕಾಣದವನಿಗೆ ಅದು ಚೀಲದ ಭಾರ. ಆದುದರಿಂದ ಬೀಗ ಹಾಕಿದ ಉಗ್ರಾಣದ ಬಾಗಿಲು ಮೊದಲ ದೃಶ್ಯದಲ್ಲಿಯೇ ಕಾಣುವಂತೆ ಅವಳು ಚಿತ್ರ ಬರೆದಳು.

ಯಂತ್ರಕ್ಕೆ ಪಾಠ ಹೇಳುವ ಕೆಲಸ ನಾನೆಣಿಸಿದಷ್ಟು ಹೊತ್ತು ಹಿಡಿಯಲಿಲ್ಲ. ನಡೆಯುವುದು, ಎತ್ತಿಕೊಳ್ಳುವುದು, ಚೀಲದಲ್ಲಿಡುವುದು ಇವೆಲ್ಲ ಮೊದಲೇ ಸಿದ್ಧವಾಗಿರುವ ‘ಅಡ್ವೆಂಚರ್ ಗೇಮ್ ಸ್ಟುಡಿಯೋ’ದಂತಹ ಉಪಕರಣಗಳು ದೊರೆಯುತ್ತವಂತೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಆಟ ಮೊದಲಿನಿಂದ ಕೊನೆಯವರೆಗೆ ನಡೆಯುತ್ತಿತ್ತು. ಬಣ್ಣ ತುಂಬಿರಲಿಲ್ಲ, ಸದ್ದು ಇರಲಿಲ್ಲ.

“ತಾತ, ನೀವು ಒಂದು ಸಲ ಆಡಿ. ನಾನು ಪಕ್ಕದಲ್ಲಿ ಕೂತಿರ್ತೀನಿ, ಆದರೆ ಬಾಯಿ ಬಿಡೋದಿಲ್ಲ” ಎಂದಳು.

ಕಥೆಯನ್ನು ಕಟ್ಟಿದವಳಿಗೆ ಉತ್ತರಗಳೆಲ್ಲ ಗೊತ್ತು. ಒಗಟು ಸುಲಭವೋ ಕಠಿಣವೋ ಎಂಬುದನ್ನು ಅವಳು ಹೇಗೆ ಅರಿತಾಳು? ಏನೂ ಅರಿಯದವನೊಬ್ಬ ಬೇಕು. ಆ ಯೋಗ್ಯತೆ ನನ್ನಲ್ಲಿ ಧಾರಾಳವಾಗಿತ್ತು. ಸಲಾಕೆಯಿಂದ ಖಾನೆಯನ್ನು ಮೀಟಿದೆ; ಎಣ್ಣೆ ತಂದೆ; ಕೂಲಿಯವನನ್ನು ಎಬ್ಬಿಸಿದೆ; ದೀಪವೂ ಹತ್ತಿತು. ಆದರೆ ದೀಪದ ಕೆಂಪು ಗಾಜು ಒಡೆದುಹೋಗಿದೆ, ಬಿಳಿಯ ಗಾಜು ಮಾತ್ರ ಉಳಿದಿದೆ. ಮೇಜಿನ ಖಾನೆಯಲ್ಲಿ ಬೀಗದ ಕೈಯೊಡನೆ ಒಂದು ಕೆಂಪು ಬಾವುಟವೂ ಸಿಕ್ಕಿತ್ತು. ಅದನ್ನು ದೀಪಕ್ಕೆ ಸುತ್ತಲು ಹೋದೆ. ‘ಅದು ಸಾಧ್ಯವಿಲ್ಲ’ ಎಂದಿತು ಆಟ. ಮತ್ತೊಮ್ಮೆ ಸುತ್ತಿದೆ. ‘ಅದು ಸಾಧ್ಯವಿಲ್ಲ.’ ಇಪ್ಪತ್ತು ನಿಮಿಷ ಮೂರು ಕೋಣೆಗಳಲ್ಲಿಯೂ ಅಲೆದೆ. ಕೊಟ್ಟ ಮಾತಿನಂತೆ ಅವಳು ತುಟಿಪಿಟಕ್ಕೆನ್ನಲಿಲ್ಲ. ಆದರೆ ಅವಳ ಮುಖ ಸಣ್ಣದಾಗುತ್ತ ಬಂದುದನ್ನು ಕಂಡೆ. ಕೊನೆಗೆ ನಾನು ಕೈಚೆಲ್ಲಿದ ಮೇಲೆ ಉತ್ತರ ಹೊರಬಂದಿತು: ಮಾಸ್ತರರ ಮೇಜಿನ ಮೇಲಿರುವ ಕೆಂಪು ಮಸಿಯನ್ನು ಗಾಜಿಗೆ ಬಳಿಯಬೇಕು!

“ಹೊರಗೆ ಮಳೆ ಸುರಿಯುತ್ತಿದೆಯಲ್ಲಮ್ಮ, ಮಸಿ ತೊಳೆದುಹೋಗದೆ? ಬಾವುಟ ಕೈಯಲ್ಲಿರುವಾಗ ಮಸಿಯನ್ನು ಯಾರು ನೆನೆಯುತ್ತಾರೆ?” ಎಂದೆ.

“ಬಾವುಟ ಸುಮ್ಮನೆ ಇಟ್ಟಿದ್ದು ತಾತ, ಸ್ಟೇಷನ್ ಅಂದಮೇಲೆ ಇರಲಿ ಅಂತ. ದೀಪಕ್ಕೆ ಸುತ್ತಿದರೆ ಸುಟ್ಟುಹೋಗಲ್ವಾ?”

“ಗಾಜಿನ ಹೊರಗೆ ಸುತ್ತಿದರೆ ನಾಲ್ಕು ನಿಮಿಷಕ್ಕೆ ಏನಾಗುತ್ತದೆ? ಒದ್ದೆ ಬೇರೆ ಆಗಿರುತ್ತದೆ.”

ಅವಳು ಮಾತನಾಡದೆ ಎದ್ದುಹೋದಳು. ನನಗೆ ಕೆಡುಕೆನಿಸಿತು, ಮಸಿಯ ಉಪಾಯ ಅವಳಿಗೆ ತುಂಬ ಪ್ರಿಯವಾದುದೆಂದು ತಿಳಿದಿತ್ತು. ಆದರೆ ತನ್ನ ಜಾಣ್ಮೆಯನ್ನು ಪ್ರೀತಿಸಿ ಆಡುವವನ ಜಾಣ್ಮೆಯನ್ನು ತಳ್ಳಿಹಾಕುವ ಅಪಾಯ ಈ ಕಲೆಯಲ್ಲಿ ಪಳಗಿದವರಿಗೂ ತಪ್ಪಿದ್ದಲ್ಲ. 1999ರಲ್ಲಿ ಹೊರಬಂದ ‘ಗೇಬ್ರಿಯಲ್ ನೈಟ್’ ಸರಣಿಯ ಮೂರನೆಯ ಆಟದಲ್ಲಿ, ಮೀಸೆಯೇ ಇಲ್ಲದ ಮನುಷ್ಯನೊಬ್ಬನಂತೆ ವೇಷ ಹಾಕಲು ಬೆಕ್ಕಿನ ಕೂದಲಿನಿಂದ ಮೀಸೆ ಮಾಡಿ ಅಂಟಿಸಿಕೊಂಡು, ಅವನ ಗುರುತಿನ ಚೀಟಿಯ ಚಿತ್ರಕ್ಕೂ ಮೀಸೆ ಬರೆಯಬೇಕಾಗಿತ್ತು. ಆ ಮೀಸೆ ಇಂದಿಗೂ ನಗೆಗೀಡಾಗಿದೆ.

ರಾತ್ರಿ ಊಟವಾದ ಮೇಲೆ ಅವಳು ಮಸಿಯ ಕುಡಿಕೆಯನ್ನು ಆಟದಿಂದ ತೆಗೆದುಹಾಕಿ, ಬಾವುಟವನ್ನು ಉತ್ತರವಾಗಿ ಮಾಡಿದಳು. ಉಳಿದದ್ದು ಆರು ವಸ್ತುಗಳು, ಹತ್ತು ಜಾಗಗಳು. ಒಟ್ಟು 75 ಪ್ರಯತ್ನಗಳು. ಅವುಗಳಲ್ಲಿ ಸರಿಯಾದವು ಐದೇ ಐದು. ಮಿಕ್ಕ ಎಪ್ಪತ್ತಕ್ಕೂ ‘ಅದು ಸಾಧ್ಯವಿಲ್ಲ’ ಎಂಬ ಒಂದೇ ಜವಾಬು! ತಪ್ಪು ಉತ್ತರ ಹೇಳಿದ ಹುಡುಗನಿಗೆ ‘ತಪ್ಪು, ಕೂತ್ಕೋ’ ಎಂದಷ್ಟೇ ಹೇಳುವ ಮೇಷ್ಟರ ನೆನಪಾಗಿ, ಈ ಭಾಗವನ್ನು ನನಗೆ ಬಿಡು ಎಂದೆ. ಇಬ್ಬರೂ ಕುಳಿತು ಒಂದೊಂದಕ್ಕೂ ಒಂದೊಂದು ವಾಕ್ಯ ಬರೆದೆವು. ಸಲಾಕೆಯಿಂದ ಉಗ್ರಾಣದ ಬೀಗವನ್ನು ಹೊಡೆದರೆ: ‘ಬೀಗ ಹಳೆಯದು, ಗಟ್ಟಿಯಾದದ್ದು. ಇದರ ಕೈ ಇಲ್ಲೇ ಎಲ್ಲೋ ಇರಬೇಕು.’ ಎಣ್ಣೆಯಿಲ್ಲದ ದೀಪಕ್ಕೆ ಕಡ್ಡಿ ಗೀರಿದರೆ: ‘ಬತ್ತಿ ಒಣಗಿದೆ, ಕಡ್ಡಿಯೊಂದು ವ್ಯರ್ಥವಾಯಿತು.’

“ಕಡ್ಡಿಗಳು ಮುಗಿದುಹೋದರೆ?” ಎಂದು ಕೇಳಿದೆ.

“ಮುಗಿಯೋದಿಲ್ಲ ತಾತ. ಮುಗಿದರೆ ಆಡೋನು ದಾರಿಯಿಲ್ಲದೆ ಸಿಕ್ಕಿಹಾಕಿಕೊಳ್ತಾನೆ. ಅದು ಅನ್ಯಾಯ.”

ಹಳೆಯ ಆಟಗಳಲ್ಲಿ ಈ ಅನ್ಯಾಯ ಸಾಮಾನ್ಯವಾಗಿತ್ತಂತೆ. ವಸ್ತುವೊಂದನ್ನು ಕಳೆದುಕೊಂಡವನು, ಇನ್ನು ಗೆಲ್ಲಲು ಬಾರದೆಂಬುದನ್ನೂ ತಿಳಿಯದೆ, ಗಂಟೆಗಟ್ಟಲೆ ಅಲೆಯುತ್ತಿದ್ದನು.

ರಾತ್ರಿ ಎರಡರವರೆಗೆ ಬರೆದೆವು. ಆಮೇಲೆ ನಾನು ಮಲಗಿದೆ. ಅವಳು ಮಳೆಯ ಸದ್ದನ್ನು ಸೇರಿಸುತ್ತ ಕುಳಿತಿದ್ದಳು. ಅದಕ್ಕಾಗಿ ಬಚ್ಚಲಿನ ನಲ್ಲಿಯನ್ನು ತಗಡಿನ ಮೇಲೆ ಬಿಟ್ಟು ಸದ್ದನ್ನು ಹಿಡಿದಿದ್ದಳೆಂದು ಮರುದಿನ ತಿಳಿಯಿತು. ಗಡುವಿಗೆ ಹನ್ನೊಂದು ನಿಮಿಷ ಇರುವಾಗ ಆಟವನ್ನು ಕಳುಹಿಸಿದಳು. ಕೂಲಿಯವನು ಎದ್ದು ಕುಳಿತಾಗ ಅವನ ಒಂದು ಕಾಲು ಬೆಂಚಿನೊಳಗೆ ಹೂತಂತೆ ಕಾಣುತ್ತಿತ್ತು; ತಿದ್ದಲು ಹೊತ್ತಿರಲಿಲ್ಲ.

ಸಂಜೆ ಪಕ್ಕದ ಮನೆಯ ಆರನೆಯ ತರಗತಿಯ ಹುಡುಗ ಬಂದು ಆಡಿದನು. ಬಾವುಟ ಕೈಗೆ ಬಂದೊಡನೆ, ಎಣ್ಣೆಯನ್ನು ಹುಡುಕುವ ಮೊದಲೇ, ಅದನ್ನು ದೀಪಕ್ಕೆ ಸುತ್ತಿದನು. ‘ಬೆಳಕಿಲ್ಲದ ದೀಪಕ್ಕೆ ಬಣ್ಣವೇಕೆ?’ ಎಂದಿತು ಆಟ. ಅದು ನಾನು ಬರೆದ ವಾಕ್ಯ. ಹುಡುಗ ನಕ್ಕು ಉಗ್ರಾಣದ ಕಡೆಗೆ ನಡೆದನು.