ಒಬ್ಬ ಮರೆತ, ಒಬ್ಬ ಮರೆಯಲಿಲ್ಲ

ಬಾಲ್ಯದ ಗೆಳೆತನವನ್ನು ಹೊಗಳದ ಕವಿಯಿಲ್ಲ. ಒಂದೇ ಎಲೆಯಲ್ಲಿ ಉಂಡವರು, ಒಂದೇ ಕೆರೆಯಲ್ಲಿ ಈಜು ಕಲಿತವರು ಮುಂದೆ ಎಲ್ಲಿಯೇ ಇರಲಿ, ಆ ನೆನಪು ಇಬ್ಬರ ಎದೆಯಲ್ಲಿಯೂ ಹಸುರಾಗಿಯೇ ಇರುತ್ತದೆಂಬುದು ಲೋಕದ ನಂಬಿಕೆ. ಆದರೆ ಒಬ್ಬನಲ್ಲಿ ಮಾತ್ರ ಹಸುರಾಗಿದ್ದು ಇನ್ನೊಬ್ಬನಲ್ಲಿ ಅದು ಒಣಗಿಹೋಗಿದ್ದರೆ?

ಈ ಪ್ರಶ್ನೆಯನ್ನು ಎತ್ತಿಕೊಂಡ ವಿಲಕ್ಷಣ ಚಿತ್ರವೊಂದು 2000ದಲ್ಲಿ ಅಮೆರಿಕದಲ್ಲಿ ತೆರೆಕಂಡಿತು. ಹೆಸರು ‘ಚಕ್ ಅಂಡ್ ಬಕ್’. ನಿರ್ದೇಶಕರು ಪೋರ್ಟೊರಿಕೊ ಮೂಲದ ಮಿಗೆಲ್ ಆರ್ಟೇಟ. ಚಿತ್ರಕಥೆ ಬರೆದು ನಾಯಕನ ಪಾತ್ರವನ್ನೂ ವಹಿಸಿದವರು ಮೈಕ್ ವೈಟ್. ದೊಡ್ಡ ಸ್ಟುಡಿಯೋಗಳ ಹಂಗಿಲ್ಲದೆ, ಡಿಜಿಟಲ್ ಕ್ಯಾಮರಾದಿಂದ ಅಲ್ಪ ವೆಚ್ಚದಲ್ಲಿ ತೆಗೆದ ಚಿತ್ರವಿದು. ಆಗ 5 ಲಕ್ಷ ಡಾಲರಿಗಿಂತ ಕಡಿಮೆ ವೆಚ್ಚದ ಚಿತ್ರಗಳಿಗೆ ಮೀಸಲಾಗಿದ್ದ ಸ್ಪಿರಿಟ್ ಪ್ರಶಸ್ತಿ 2001ರಲ್ಲಿ ಇದಕ್ಕೆ ಸಂದಿತು.

ಬಕ್‌ಗೆ 27 ವರ್ಷ. ವಯಸ್ಸು ಬೆಳೆದಿದೆ, ಮನಸ್ಸು ಬೆಳೆದಿಲ್ಲ. ಬಾಯಲ್ಲಿ ಸದಾ ಲಾಲಿಪಾಪು, ಕೋಣೆಯ ತುಂಬ ಆಟಿಕೆಗಳು. ತಾಯಿ ತೀರಿಕೊಂಡಾಗ ಹಳೆಯ ಗೆಳೆಯ ಚಕ್‌ಗೆ ಸುದ್ದಿ ಮುಟ್ಟಿಸುತ್ತಾನೆ. ಬಂದವನು ಚಕ್ ಅಲ್ಲ, ಚಾರ್ಲಿ. ಲಾಸ್ ಏಂಜಲಿಸಿನಲ್ಲಿ ದೊಡ್ಡ ಉದ್ಯೋಗಸ್ಥ. ಜೊತೆಯಲ್ಲಿ ಮದುವೆಯಾಗಲಿರುವ ಹುಡುಗಿ. ಹೊರಡುವಾಗ ಲೋಕಾಚಾರಕ್ಕೆಂದು ‘ಆ ಕಡೆ ಬಂದರೆ ಬಾ’ ಎಂದ ಮಾತನ್ನೇ ನಿಜವೆಂದು ನಂಬಿ ಬಕ್ ಗಂಟುಮೂಟೆ ಕಟ್ಟಿಕೊಂಡು ಆ ಊರು ಸೇರುತ್ತಾನೆ. ಕಚೇರಿಯ ಮುಂದೆ ಕಾಯುತ್ತಾನೆ; ಮನೆಯ ಸುತ್ತ ಸುಳಿಯುತ್ತಾನೆ. ಕೊನೆಗೆ, ಕಚೇರಿಯ ಎದುರಿಗಿದ್ದ ಪುಟ್ಟ ರಂಗಮಂದಿರದಲ್ಲಿ ತಾನೇ ಬರೆದ ನಾಟಕವನ್ನು ಹಣ ತೆತ್ತು ಆಡಿಸುತ್ತಾನೆ. ಇಬ್ಬರು ಹುಡುಗರ ಸ್ನೇಹ, ಅದನ್ನು ಮುರಿಯುವ ಮಾಟಗಾತಿ—ಇಷ್ಟೇ ಕಥೆ. ಪ್ರೇಕ್ಷಕರ ಸಾಲಿನಲ್ಲಿ ಕುಳಿತ ಚಾರ್ಲಿಗೆ ಅರ್ಥವಾಗದಿರುವುದುಂಟೆ?

ಬಾಲ್ಯದಲ್ಲಿ ಅವರಿಬ್ಬರ ನಡುವೆ ಸ್ನೇಹದ ಮೇರೆಯನ್ನು ಮೀರಿದ ಸಲುಗೆಯೂ ಇತ್ತು. ಬಕ್‌ಗೆ ಅದೇ ಜೀವನದ ಸರ್ವಸ್ವ. ಚಾರ್ಲಿಗೆ ಅದು ಹೂತುಹಾಕಬೇಕಾದ ಸಂಗತಿ. ಬಕ್‌ನ ಹಟ ನೋಡುವವರಲ್ಲಿ ಭೀತಿಯನ್ನೇ ಹುಟ್ಟಿಸುತ್ತದೆ. ಒಲ್ಲದವನ ಬೆನ್ನುಹತ್ತುವುದಕ್ಕೆ ಸಮರ್ಥನೆಯಿಲ್ಲ. ಆದರೆ ಚಿತ್ರ ಅಷ್ಟಕ್ಕೇ ನಿಲ್ಲುವುದಿಲ್ಲ. ತನಗೂ ಎಲ್ಲವೂ ನೆನಪಿದೆಯೆಂದು ಚಾರ್ಲಿ ಕಟ್ಟಕಡೆಗೆ ಒಪ್ಪಿಕೊಂಡ ಮೇಲೆಯೇ ಬಕ್‌ನ ಗಂಟು ಸಡಿಲವಾಗುತ್ತದೆ.

ಈ ಕಥೆ ದೂರದೇಶದ್ದಾದರೂ ಕನ್ನಡಿಗರಿಗೆ ಹೊಸದಲ್ಲ. ಬೆಳಗೊಳವನ್ನೊಳಗೊಂಡ ಮಂಡ್ಯದ ಸೀಮೆಯಲ್ಲಿ ‘ಕುರುಕ್ಷೇತ್ರ’ ನಾಟಕಕ್ಕಿರುವ ಆದರ ಎಲ್ಲರೂ ಬಲ್ಲದ್ದೇ. ಹಾರ್ಮೋನಿಯಂ ಮೇಷ್ಟರ ಮುಂದೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ರೈತರೇ ವೇಷ ಕಟ್ಟುತ್ತಾರೆ. ಜನ ಬೆಳಗಿನವರೆಗೆ ಕುಳಿತು ನೋಡುತ್ತಾರೆ. ಗೆಳೆತನವೆಂದರೆ ಅವರ ಕಣ್ಣಿಗೆ ಕಟ್ಟುವುದು ಕರ್ಣ ದುರ್ಯೋಧನರ ಜೋಡಿ. ಆದರೆ ಅದೇ ರಂಗದ ಮೇಲೆ ಬಿಳಿಯ ಗಡ್ಡದ ಇನ್ನೊಬ್ಬ ನಿಂತಿರುತ್ತಾನೆ: ದ್ರೋಣ.

ದ್ರೋಣನೂ ದ್ರುಪದನೂ ಒಂದೇ ಆಶ್ರಮದಲ್ಲಿ ಕಲಿತವರು. ದೊರೆಯಾದಾಗ ನನ್ನದೆಲ್ಲ ನಿನ್ನದೂ ಹೌದೆಂದು ಹುಡುಗ ದ್ರುಪದ ಮಾತು ಕೊಟ್ಟಿದ್ದ. ಹಿಟ್ಟು ಕಲಸಿದ ನೀರನ್ನು ಹಾಲೆಂದು ಕುಡಿದು ನಲಿದ ಮಗನನ್ನು ಕಂಡು ದ್ರೋಣ ಆ ಮಾತನ್ನು ನೆನೆದು ಹೊರಟ. 10ನೆಯ ಶತಮಾನದ ಪಂಪ ಈ ಸನ್ನಿವೇಶವನ್ನು ಮರೆಯಲಾಗದಂತೆ ಚಿತ್ರಿಸಿದ್ದಾನೆ. ಹಳೆಯ ಗೆಳೆಯ ಬಂದಿದ್ದಾನೆಂದು ಬಾಗಿಲವನ ಮೂಲಕ ಹೇಳಿಕಳುಹಿಸಿದರೆ, ಸಿರಿಯ ಮದದಲ್ಲಿದ್ದ ದ್ರುಪದ ಅಂಥವನನ್ನು ಅರಿಯೆನೆಂದುಬಿಡುತ್ತಾನೆ.

ಆ ಒಂದು ಮಾತಿನ ಬೆಲೆ ಎಷ್ಟಾಯಿತು! ಕೌರವ ಪಾಂಡವರ ಗುರುವಾದ ದ್ರೋಣ ಶಿಷ್ಯ ಅರ್ಜುನನಿಂದ ದ್ರುಪದನನ್ನು ಕಟ್ಟಿ ತರಿಸಿದ. ಅವಮಾನಿತನಾದ ದ್ರುಪದ ದ್ರೋಣನನ್ನು ಕೊಲ್ಲುವ ಮಗನಿಗಾಗಿ ಯಜ್ಞ ಮಾಡಿದ. ಯುದ್ಧದ 15ನೆಯ ದಿನ ದ್ರೋಣನ ಕೈಯಲ್ಲಿ ದ್ರುಪದ ಮಡಿದ. ಅದೇ ದಿನ ದ್ರುಪದನ ಮಗ ಧೃಷ್ಟದ್ಯುಮ್ನ ದ್ರೋಣನ ತಲೆಯನ್ನು ಕಡಿದ.

ದ್ರೋಣ ಕೇಳಿದಷ್ಟನ್ನೂ ದ್ರುಪದ ಕೊಡಬೇಕಾಗಿರಲಿಲ್ಲ. ಹುಡುಗತನದ ಮಾತು ದೊಡ್ಡವನಾದ ಮೇಲೆ ನಡೆಯಲೇಬೇಕೆಂಬ ಕಟ್ಟುಪಾಡೇನೂ ಇಲ್ಲ. ಚಾರ್ಲಿಯ ಮೇಲೂ ಅಂಥ ಋಣವಿರಲಿಲ್ಲ. ಆದರೆ ‘ನೆನಪಿದೆ, ಈಗ ಕಾಲ ಬೇರೆ’ ಎಂದು ಹೇಳುವುದು ಬೇರೆ, ‘ನೀನು ಯಾರು?’ ಎಂದು ಕೇಳುವುದು ಬೇರೆ. ಮೊದಲನೆಯದು ನೋಯಿಸಿದರೂ ಬಿಡುಗಡೆ ಮಾಡುತ್ತದೆ. ಎರಡನೆಯದನ್ನು ಕೇಳಿಸಿಕೊಂಡವನು ಬಾಗಿಲಿನಿಂದ ಹಿಂದಿರುಗಿ ಹೋದರೂ ಮನಸ್ಸಿನಲ್ಲಿ ಅಲ್ಲಿಯೇ ನಿಂತಿರುತ್ತಾನೆ.